ವಾಪಸ್ ಕೊಟ್ಟ ಅರವತ್ತು ಸಾವಿರ

ಗುರುಪ್ರಕಾಶ್ ಮಾಡಿದ ತಪ್ಪು ಇಷ್ಟೇ. ಶಾಲೆಗೆ ಹತ್ತು ಲ್ಯಾಪ್‌ಟಾಪ್ ತರಲು ಆಡಳಿತ ಮಂಡಳಿ ಕೊಟ್ಟಿದ್ದ ನಾಲ್ಕು ಲಕ್ಷದಲ್ಲಿ ಅರವತ್ತು ಸಾವಿರ ಮಿಕ್ಕಿತ್ತು. ಅದನ್ನು ಅವನು ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ಬಿಲ್ಲು ಸೇರಿಸಿ ಪಿನ್ನು ಚುಚ್ಚಿ, ಗುಮಾಸ್ತ ಕೆಂಪಪ್ಪನ ಮೇಜಿನ ಮೇಲೆ ಇಟ್ಟ.

ಕೆಂಪಪ್ಪ ಲಕೋಟೆಯ ಬಾಯಿ ತೆರೆದು ನೋಡಿದ. ಮುಚ್ಚಿದ. ಮತ್ತೆ ತೆರೆದ.

"ಏನ್ ಸಾರ್ ಇದು?"

"ಲ್ಯಾಪ್‌ಟಾಪಿನ ದುಡ್ಡು. ಮಿಕ್ಕಿದ್ದು."

"ಮಿಕ್ಕಿದ್ದು ಅಂದ್ರೆ?"

"ಖರ್ಚಾಗದೆ ಉಳಿದದ್ದು ಕೆಂಪಪ್ಪ. ವಾಪಸ್ ಕೊಡ್ತಿದೀನಿ. ಎಣಿಸ್ಕೊಂಡು ರಸೀದಿ ಕೊಡು."

ಶಿಕಾರಿಪುರದ ಆ ಹಳೆಯ ಖಾಸಗಿ ಪ್ರೌಢಶಾಲೆಯಲ್ಲಿ ಕೆಂಪಪ್ಪ ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತವನು. ಬೆಂಚು ಮಾಡಿಸಲು ಎಂಬತ್ತು ಸಾವಿರ ಮಂಜೂರಾದರೆ ಬೆಂಚಿಗೆ ಸರಿಯಾಗಿ ಎಂಬತ್ತು ಸಾವಿರವೇ ಆಗುವುದನ್ನು ಕಣ್ಣಾರೆ ಕಂಡವನು. ಕಾಂಪೌಂಡಿಗೆ ಮೂರು ಲಕ್ಷ ಇಟ್ಟರೆ, ಕಾಂಪೌಂಡು ಮೂರು ಲಕ್ಷ ಮುಗಿದ ಜಾಗದಲ್ಲೇ ಮುಗಿಯುತ್ತಿತ್ತು. ಶಾಲೆ ನಡೆಸುವ ಈ ಸಂಘದಲ್ಲಿ ಖರ್ಚು ಎನ್ನುವುದು ಮಂಜೂರಾತಿಯ ಅಳತೆಗೇ ಹೊಲಿಸಿದ ಅಂಗಿ. ಅದರಲ್ಲಿ ಬಟ್ಟೆ ಉಳಿಯಿತು ಎಂದು ಯಾವ ದರ್ಜಿಯೂ ಇದುವರೆಗೆ ತಂದುಕೊಟ್ಟದ್ದಿಲ್ಲ.

"ಇದನ್ನ ಯಾವ ಬಾಬ್ತು ಅಂತ ಬರೀಲಿ ಸಾರ್?" ಕೆಂಪಪ್ಪ ರಸೀದಿ ಪುಸ್ತಕ ತಿರುವಿ ಹಾಕಿದ. "ಫೀಜು ಐತೆ, ದೇಣಿಗೆ ಐತೆ, ದಂಡ ಐತೆ, ಹಳೇ ಪೇಪರ್ ಮಾರಿದ್ದು ಐತೆ. ವಾಪಸ್ ಅನ್ನೋದಕ್ಕೆ ಜಾಗನೇ ಇಲ್ಲ."

ಕೊನೆಗೆ 'ದಂಡ' ಎಂದೇ ಬರೆದು ಕೊಟ್ಟ. ಗುರುಪ್ರಕಾಶ್ ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹತ್ತನೇ ತರಗತಿಯ ಗಣಿತಕ್ಕೆ ಹೋದ. ಅವನು ಬಾಗಿಲು ದಾಟುವ ಮೊದಲೇ ಕೆಂಪಪ್ಪ ಖಜಾಂಚಿಗೆ ಫೋನ್ ಮಾಡಿದ್ದ.

ಹಣ ಉಳಿದದ್ದು ಹೇಗೆ ಎಂಬುದರಲ್ಲಿ ಗುಟ್ಟೇನೂ ಇರಲಿಲ್ಲ. ಶಿವಮೊಗ್ಗದ ಅಂಗಡಿಯಲ್ಲಿ ಅದೇ ಕಂಪನಿಯ ಅದೇ ಲ್ಯಾಪ್‌ಟಾಪು ಎರಡು ಬೆಲೆಗೆ ಸಿಗುತ್ತಿತ್ತು. ವಿಂಡೋಸ್ ಹಾಕಿದ್ದಕ್ಕೆ ನಲವತ್ತು ಸಾವಿರ, ಲಿನಕ್ಸ್ ಹಾಕಿದ್ದಕ್ಕೆ ಮೂವತ್ನಾಲ್ಕು. ಲಿನಕ್ಸೂ ವಿಂಡೋಸಿನ ಹಾಗೆಯೇ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ, ಆದರೆ ಅದಕ್ಕೆ ಯಾರೂ ಕಾಸು ಕೇಳುವುದಿಲ್ಲ. ಗುರುಪ್ರಕಾಶ್ ಮನೆಯ ಹಳೇ ಕಂಪ್ಯೂಟರಿನಲ್ಲಿ ಎಂಟು ವರ್ಷದಿಂದ ಅದನ್ನೇ ಬಳಸುತ್ತಿದ್ದ. ಮಕ್ಕಳು ಕನ್ನಡ ಟೈಪು ಕಲಿಯಲು, ಚಿತ್ರ ಬರೆಯಲು, ನಕ್ಷೆ ನೋಡಲು ಅದು ಧಾರಾಳವಾಗಿ ಸಾಕು. ಅಂಗಡಿಯವನು ಮೆಲ್ಲಗೆ, "ಮೂವತ್ನಾಲ್ಕರದ್ದೇ ತಗೊಳ್ರಿ ಸಾರ್, ಮೇಲೆ ಐದೈದು ನೂರು ಕೊಟ್ರೆ ಎಲ್ಲದಕ್ಕೂ ವಿಂಡೋಸ್ ಹಾಕಿಸ್ಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ" ಎಂದಾಗ ಅವನಿಗೆ ಮೈಯೆಲ್ಲ ಉರಿದಿತ್ತು. ಕೊಳ್ಳುವುದೂ ಬೇಡ ಕದಿಯುವುದೂ ಬೇಡ, ಇದ್ದದ್ದು ಇದ್ದ ಹಾಗೇ ಕೊಡಿ ಎಂದು ಹತ್ತು ಪೆಟ್ಟಿಗೆ ಹೊರಿಸಿಕೊಂಡು ಬಂದಿದ್ದ.

ಬೇರೆ ದಿನವಾಗಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಅವತ್ತು ಸಂಜೆ ನಾಲ್ಕಕ್ಕೆ ಆಡಳಿತ ಮಂಡಳಿಯ ಸಭೆ ಇತ್ತು. ಗುರುಪ್ರಕಾಶನೂ ಸೇರಿ ನಾಲ್ಕು ಜನ ತಾತ್ಕಾಲಿಕ ಶಿಕ್ಷಕರನ್ನು ಕಾಯಂ ಮಾಡಿ ಸಂಬಳದ ಸ್ಕೇಲಿಗೆ ಹಾಕುವ ಫೈಲು ಅಲ್ಲಿ ಬರುವುದಿತ್ತು. ಆರು ವರ್ಷದಿಂದ ಅವನಿಗೆ ತಿಂಗಳಿಗೆ ಹನ್ನೆರಡು ಸಾವಿರ ಗೌರವಧನ. ಪ್ರತಿ ಸಭೆಯಲ್ಲೂ ಆ ಫೈಲು 'ಮುಂದಿನ ಸಭೆಗೆ' ಎಂದು ಹೋಗಿ, ಈಗ ಅದರ ದಾರವೇ ಹರಿದು ಎರಡನೇ ದಾರ ಕಟ್ಟಿದ್ದರು. ಈ ಸಲ ಮಾಡಿಯೇ ಬಿಡುತ್ತೇವೆ ಎಂದು ಅಧ್ಯಕ್ಷ ಶಿವಮೂರ್ತಪ್ಪನವರು ಸ್ವತಃ ಮಾತು ಕೊಟ್ಟಿದ್ದರು. ಹೆಂಡತಿ ವಾಣಿಶ್ರೀ ಅವತ್ತು ಬೆಳಿಗ್ಗೆ ಅವನಿಗೆ ಇಸ್ತ್ರಿ ಮಾಡಿದ ಅಂಗಿ ಕೊಟ್ಟು, "ಸಭೆ ಮುಗಿದ ತಕ್ಷಣ ಫೋನ್ ಮಾಡ್ರಿ" ಎಂದು ಎರಡು ಸಲ ಹೇಳಿದ್ದಳು.

ಮೊದಲ ಪೀರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದರೆ ದೈಹಿಕ ಶಿಕ್ಷಕ ಲೋಕಪ್ಪ ಕಾಯುತ್ತ ಕೂತಿದ್ದ. ಸ್ಕೇಲಿನ ಪಟ್ಟಿಯಲ್ಲಿ ಎರಡನೇ ಹೆಸರು ಅವನದು. ಸ್ಕೇಲ್ ಬರುವ ಧೈರ್ಯದ ಮೇಲೆ ಹೆಣ್ಣು ನೋಡಿಕೊಂಡು ಬಂದು, ಹುಡುಗಿಯ ಮನೆಯವರಿಗೆ ಇವತ್ತು ಸಂಜೆ ಖಚಿತ ಹೇಳುತ್ತೇನೆ ಎಂದಿದ್ದ.

"ಗುರು, ನೀನು ದುಡ್ಡು ವಾಪಸ್ ಕೊಟ್ಟೆಯಂತೆ?"

"ಹೌದಪ್ಪ. ಅರವತ್ತು ಸಾವಿರ ಉಳೀತು."

"ಇವತ್ತೇ ಕೊಡಬೇಕಿತ್ತಾ?"

"ಯಾಕೋ? ಒಳ್ಳೇ ಹೆಸರು ಬರಲ್ವಾ?"

ಲೋಕಪ್ಪ ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದ. "ಆಫೀಸಿನಾಗ ಏನು ಮಾತಾಡ್ತಿದಾರೆ ಗೊತ್ತಾ? ಅರವತ್ತು ವಾಪಸ್ ಕೊಟ್ಟಾನೆ ಅಂದ್ರೆ ಇಟ್ಕಂಡಿದ್ದು ಎಷ್ಟಿರಬೇಕು ಅಂತ ಲೆಕ್ಕ ಹಾಕ್ತಿದಾರೆ. ಕೆಂಪಪ್ಪ ಒಂದು ಲಕ್ಷ ಅಂತಾನೆ. ಡಿ ಗ್ರೂಪಿನ ಮೂಕಮ್ಮ ಪಾಪ, ನಿನ್ನ ಮೇಲೆ ಅಭಿಮಾನ ಇಟ್ಕಂಡು ಎಂಬತ್ತಕ್ಕೆ ನಿಂತಾಳೆ."

ತಿಂದವನನ್ನು ಕಳ್ಳ ಎನ್ನುವುದು ಸರಿ. ತಿನ್ನದವನನ್ನೂ ಎನ್ನುವುದನ್ನು ಸಹಿಸಬಹುದೇನೋ. ಆದರೆ ವಾಪಸ್ ಕೊಟ್ಟದ್ದನ್ನೇ ಕಳ್ಳತನಕ್ಕೆ ಸಾಕ್ಷಿ ಮಾಡುವುದು ಯಾವ ಊರಿನ ನ್ಯಾಯ ಎಂದು ಗುರುಪ್ರಕಾಶ್ ಚಾಕ್‌ಪೀಸನ್ನು ಮೇಜಿನ ಮೇಲೆ ಕುಕ್ಕಿದ. ಅದು ಎರಡು ತುಂಡಾಯಿತು.

ಹನ್ನೊಂದು ಗಂಟೆಗೆ ಖಜಾಂಚಿ ಮಲ್ಲಿಕಾರ್ಜುನ್ ಸಾಹುಕಾರರಿಂದ ಕರೆ ಬಂತು. ಒಂದು ಲ್ಯಾಪ್‌ಟಾಪು ತೆಗೆದುಕೊಂಡು ಮಂಡಿಗೆ ಬರಬೇಕಂತೆ.

ಸಾಹುಕಾರರದು ಮೆಕ್ಕೆಜೋಳದ ವ್ಯಾಪಾರ. ಮೂವತ್ತು ವರ್ಷ ಚೀಲ ತೂಗಿ ತೂಗಿ ಅವರಿಗೆ ಜಗತ್ತಿನಲ್ಲಿ ನಂಬುವಂಥದ್ದು ಒಂದೇ ಉಳಿದಿತ್ತು, ಅದು ತಕ್ಕಡಿ. ಗುರುಪ್ರಕಾಶ್ ಹೋದಾಗ ಅವರು ತಮ್ಮ ಮನೆಯ ಲ್ಯಾಪ್‌ಟಾಪನ್ನು ಆಗಲೇ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟಿದ್ದರು.

"ನಂದು ಎರಡು ಕೆಜಿ ನೂರಾ ಹತ್ತು. ಇದು ವಿಂಡೋಸಿಂದು. ಈಗ ನಿಮ್ದು ಇಡ್ರಿ."

"ಸಾಹುಕಾರ್ರೆ, ಇದನ್ನ ತೂಗಿ ಏನು ಗೊತ್ತಾಗ್ತದೆ?"

"ನೀವು ಇಡ್ರಿ ಮೇಷ್ಟ್ರೆ."

ಇಟ್ಟ. ಒಂದು ಕೆಜಿ ಆರುನೂರ ಎಂಬತ್ತು ಗ್ರಾಂ. ಸಾಹುಕಾರರು ಕನ್ನಡಕ ಹಣೆಗೇರಿಸಿ, ಅಂಕಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಸುತ್ತ ನಿಂತಿದ್ದ ಹಮಾಲರು ಹತ್ತಿರ ಬಂದರು.

"ನಾನೂರ ಮೂವತ್ತು ಗ್ರಾಂ ಎಲ್ಲಿ ಹೋತು?"

"ನಿಮ್ದು ದೊಡ್ಡ ಸೈಜು. ಕಂಪನಿನೇ ಬೇರೆ. ಲಿನಕ್ಸಿಗೂ ವಿಂಡೋಸಿಗೂ ತೂಕ ಇರಲ್ರೀ, ಅದು ಒಳಗೆ ಬರೆದಿರೋದು. ಹಾಡು ಇದ್ದಂಗೆ."

"ತೂಕ ಇಲ್ಲದ್ದಕ್ಕೆ ಆರು ಸಾವಿರ ಯಾಕ್ರಿ ತಗೊಳ್ತಾರೆ?"

"ನಾನೂ ಅದನ್ನೇ ಕೇಳಿದ್ದು. ಅದಕ್ಕೇ ಅದನ್ನ ತಗೊಳ್ಳಲಿಲ್ಲ."

ಸಾಹುಕಾರರು ಆ ಮಾತನ್ನು ಒಂದು ಕ್ಷಣ ಬಾಯಲ್ಲಿ ಹೊರಳಾಡಿಸಿದರು. ಜೋಳದ ಕಾಳು ಕಚ್ಚಿ ತೇವ ನೋಡುವುದು ಅವರ ಅಭ್ಯಾಸ. ಈ ಕಾಳಿನಲ್ಲಿ ತೇವ ಇದೆಯೋ ಇಲ್ಲವೋ ಅವರಿಗೆ ಪತ್ತೆಯಾಗಲಿಲ್ಲ. "ಹಾಕ್ರಿ, ನಡೀತದಾ ನೋಡೋಣ" ಎಂದರು.

ಗುರುಪ್ರಕಾಶ್ ಅಲ್ಲೇ ಚೀಲದ ಮೇಲೆ ಕೂತು ಲ್ಯಾಪ್‌ಟಾಪ್ ಚಾಲೂ ಮಾಡಿದ. ಇಪ್ಪತ್ತೇ ಸೆಕೆಂಡಿಗೆ ತೆರೆಯಿತು. ಸಾಹುಕಾರರ ಕಣ್ಣ ಮುಂದೆಯೇ ಕನ್ನಡದಲ್ಲಿ ಅವರ ಹೆಸರು ಟೈಪು ಮಾಡಿದ. ಅವರ ಮಂಡಿಯ ಪಟ್ಟಿಯನ್ನೇ ಪೆನ್‌ಡ್ರೈವಿನಿಂದ ತೆಗೆದು ತೋರಿಸಿದ. ಮೆಕ್ಕೆಜೋಳದ ಇವತ್ತಿನ ದರ ತೋರಿಸಿದ. ಸಾಹುಕಾರರ ಲ್ಯಾಪ್‌ಟಾಪು ಅಷ್ಟೂ ಹೊತ್ತು ಪಕ್ಕದಲ್ಲಿ ಏನನ್ನೋ ನೆನೆಸಿಕೊಳ್ಳುತ್ತ ಸುತ್ತುತ್ತಲೇ ಇತ್ತು. ಅದಕ್ಕೆ ಐನೂರು ಕೊಟ್ಟು ಹಾಕಿಸಿದ್ದು ಕಳ್ಳ ವಿಂಡೋಸು ಎಂಬುದು ಗುರುಪ್ರಕಾಶನಿಗೆ ಪರದೆ ನೋಡಿದ ಕೂಡಲೇ ತಿಳಿಯಿತು. ತನ್ನನ್ನು ಕಳ್ಳ ಎನ್ನಲು ಕೂತವರ ಮಗ್ಗುಲಲ್ಲೇ ಕದ್ದ ಮಾಲು. ಹೇಳಲು ಬಾಯಿ ತೆರೆದವನು, ನಾಲ್ಕು ಗಂಟೆಯ ಫೈಲು ನೆನಪಾಗಿ ಉಗುಳು ನುಂಗಿದ.

"ಚೆನ್ನಾಗಿ ನಡೀತದಲ್ರೀ" ಎಂದರು ಸಾಹುಕಾರರು. ಅವರ ಮುಖ ಮೊದಲಿಗಿಂತ ಗಂಭೀರವಾಗಿತ್ತು.

"ಅದನ್ನೇ ಹೇಳ್ತಿರೋದು."

"ಇಲ್ಲ ಮೇಷ್ಟ್ರೆ. ಕೆಟ್ಟದಾಗಿ ನಡೆದಿದ್ರೆ ನಾನು ನಂಬ್ತಿದ್ದೆ. ಪುಕ್ಕಟೆ ಕೊಟ್ಟದ್ದು ಇಷ್ಟು ಚೆನ್ನಾಗಿ ನಡೀಬಾರ್ದು. ಇದರಾಗ ಏನೋ ಐತಿ."

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ, ಬಾಡಿಗೆ ಮನೆಯ ಒಡತಿ ಹಾಲಮ್ಮ ಗೇಟಿನಲ್ಲೇ ನಿಂತಿದ್ದರು. ಕೈಯಲ್ಲಿ ಒಂದು ಬಟ್ಟಲು ಹೆಸರುಬೇಳೆ ಪಾಯಸ. ಮೂರು ವರ್ಷದಲ್ಲಿ ಅವರು ಇವನ ಮನೆಗೆ ಪಾಯಸ ತಂದದ್ದು ಇದೇ ಮೊದಲು.

"ತಗೊಳ್ರಿ ಮೇಷ್ಟ್ರೆ. ವಿಷಯ ಕೇಳಿ ಭಾಳ ಸಂತೋಷ ಆತು. ನಾನು ಮೊದಲಿಂದ ಹೇಳ್ತಿದ್ದೆ, ನಮ್ಮ ಮೇಷ್ಟ್ರು ಹಿಂಗೇ ಇರಲ್ಲ, ಒಂದಿನ ಮುಂದೆ ಬರ್ತಾರೆ ಅಂತ."

"ಅಮ್ಮಾ, ನಾನು ಏನೂ ತಗೊಂಡಿಲ್ಲ."

"ಆತು ಬಿಡ್ರಿ, ನಾನು ಯಾರಿಗೆ ಹೇಳ್ಲಿ. ಆದ್ರೂ ಒಂದು ಪಾಲು ವಾಪಸ್ ಕೊಟ್ರಲ್ಲ, ಅದು ದೊಡ್ಡ ಗುಣ. ನಮ್ಮ ತಮ್ಮನೂ ಇದ್ದ ಗ್ರಾಮ ಪಂಚಾಯ್ತಿನಾಗ, ಪೂರ್ತಿ ನುಂಗಿ ಕೂತ. ಈಗ ಕೋರ್ಟಿಗೆ ಅಲೀತಾನೆ." ಹಾಲಮ್ಮ ಬಟ್ಟಲು ಅವನ ಕೈಗಿಟ್ಟು ಸೆರಗು ಸರಿಮಾಡಿಕೊಂಡರು. "ಮತ್ತೆ ಮುಂದಿನ ತಿಂಗಳಿಂದ ಬಾಡಿಗೆ ಒಂದು ಸಾವಿರ ಜಾಸ್ತಿ ಮಾಡೋಣ ಅಂತ ಇದೀನ್ರಿ. ಈಗ ನಿಮಗೇನೂ ಭಾರ ಆಗಲ್ಲ."

ಒಳಗೆ ವಾಣಿಶ್ರೀ ತಟ್ಟೆ ಹಾಕಿ ಕೂತಿದ್ದಳು. ಅವಳೂ ಕೇಳಿಸಿಕೊಂಡಿದ್ದಳು. ಅನ್ನ ಬಡಿಸಿದಳು, ಸಾರು ಬಡಿಸಿದಳು. ಆಮೇಲೆ ನಿಧಾನವಾಗಿ, "ರೀ, ನನ್ನ ಹತ್ರ ಮುಚ್ಚಿಡಬೇಡ್ರಿ" ಎಂದಳು. ಗುರುಪ್ರಕಾಶ್ ಅರ್ಧ ಊಟಕ್ಕೇ ಕೈ ತೊಳೆದ.

ಕೈ ಒರೆಸಿಕೊಳ್ಳುವಷ್ಟರಲ್ಲಿ ಅಧ್ಯಕ್ಷರ ಫೋನು. ಶಿವಮೂರ್ತಪ್ಪನವರು ರಸಗೊಬ್ಬರದ ಅಂಗಡಿ ಇಟ್ಟು ಬೆಳೆದವರು, ಮೆದು ಮಾತಿನ ಹಿರಿಯರು. ಯಾರ ಮನಸ್ಸನ್ನೂ ನೋಯಿಸಿದವರಲ್ಲ, ಯಾರಿಗೂ ಏನನ್ನೂ ಮಂಜೂರು ಮಾಡಿದವರೂ ಅಲ್ಲ.

"ಮೇಷ್ಟ್ರೆ, ನನಗೆ ನಿಮ್ಮ ಮೇಲೆ ಪೂರ್ತಿ ವಿಶ್ವಾಸ ಐತಿ. ಆದ್ರೆ ನಾಕು ಜನ ಮಾತಾಡ್ತಾರಲ್ಲ. ಅದಕ್ಕೇ ತಿಳಿದೋರ ಹತ್ರ ಒಂದ್ಸಲ ತೋರಿಸಿಬಿಡೋಣ. ಊರಿನೋರು ಬೇಡ, ಇಲ್ಲಿ ಎಲ್ರೂ ಒಬ್ಬರಿಗೊಬ್ರು ಬೇಕಾದೋರೇ. ಸೊರಬದ ಕಾಲೇಜಿನಾಗ ಕಂಪ್ಯೂಟರ್ ಕಲಿಸೋ ಕರುಣಾ ಮೇಡಂ ಅಂತ ಇದಾರೆ, ಹೊರಟಿದಾರೆ. ಇವತ್ತು ಶಿರಾಳಕೊಪ್ಪದ ಸಂತೆ, ಅಲ್ಲಿಂದ ಈಚೆಗೆ ಬಸ್ಸು ಹತ್ತೋಕೆ ಆಗಲ್ವಂತೆ. ನೀವು ಬೈಕಿನಾಗ ಹೋಗಿ ಕರ್ಕೊಂಡು ಬರ್ರಿ."

"ನನ್ನ ತಪ್ಪು ಹುಡುಕೋಕೆ ಬರೋರನ್ನ ನಾನೇ ಕರ್ಕೊಂಡು ಬರಬೇಕಾ ಯಜಮಾನ್ರೆ?"

"ನಿಮ್ಮ ಬಿಟ್ರೆ ಈ ಹೊತ್ತಿನಾಗ ಯಾರು ಬಿಡುವಾಗಿದಾರೆ ಹೇಳ್ರಿ."

ಹೀಗೆ ಆರೋಪಿ ತನ್ನದೇ ಪೆಟ್ರೋಲಿನಲ್ಲಿ ನ್ಯಾಯಾಧೀಶರನ್ನು ಕರೆತರಲು ಹೊರಟ. ಶಿರಾಳಕೊಪ್ಪದಲ್ಲಿ ಸಂತೆಯ ಗದ್ದಲ ಬಸ್ ಸ್ಟ್ಯಾಂಡಿನ ತನಕ ಹರಡಿತ್ತು. ಈರುಳ್ಳಿ ರಾಶಿಯ ಪಕ್ಕ, ಹೆಗಲಿಗೆ ಚೀಲ ಹಾಕಿಕೊಂಡು ಮೂವತ್ತರ ಆಸುಪಾಸಿನ ಹೆಂಗಸೊಬ್ಬರು ವಾಚು ನೋಡುತ್ತ ನಿಂತಿದ್ದರು.

"ನೀವೇನಾ ಲ್ಯಾಪ್‌ಟಾಪ್ ಮೇಷ್ಟ್ರು?" ಎಂದರು ಕರುಣಾ ಮೇಡಂ. "ಹೋಗೋದಕ್ಕೆ ಮುಂಚೆ ನಂಗೆ ಎಂತಾದ್ರೂ ತಿನ್ಬೇಕು ಮಾರಾಯ್ರೆ. ಬೆಳಿಗ್ಗೆಯಿಂದ ಕ್ಲಾಸು, ಊಟಕ್ಕೂ ಬಿಟ್ಟಿಲ್ಲ."

ಎದುರಿಗೇ ಮಿರ್ಚಿ ಮಂಡಕ್ಕಿಯ ಗಾಡಿ. ಗುರುಪ್ರಕಾಶ್ ಅವರಿಗೊಂದು ತಟ್ಟೆ ಹೇಳಿ, ಅದನ್ನು ಗಾಡಿಯಿಂದ ಇಸಿದುಕೊಂಡು ಅವರ ಕೈಗೆ ಕೊಟ್ಟ. ದುಡ್ಡು ಕೊಡಲು ಫೋನ್ ತೆಗೆದರೆ ಸಂತೆಯ ಜನದಲ್ಲಿ ನೆಟ್‌ವರ್ಕ್ ಇಲ್ಲ, ಜೇಬಿನಲ್ಲಿ ಚಿಲ್ಲರೆಯೂ ಇಲ್ಲ. ಕೊನೆಗೆ ಮೇಡಂ ಅವರೇ ನಲವತ್ತು ರೂಪಾಯಿ ಕೊಟ್ಟರು. ಇವನಿಗೆ ನಾಚಿಕೆಯಾಯಿತು.

ರಸ್ತೆಯ ಆಚೆ ಮಲ್ಲಿಕಾರ್ಜುನ್ ಸಾಹುಕಾರರ ಲಾರಿ ಚೀಲ ತುಂಬಿಸಿಕೊಳ್ಳುತ್ತಿತ್ತು. ಅದರ ಡ್ರೈವರ್ ತಟ್ಟೆ ಕೊಡುವುದನ್ನು ನೋಡಿದ, ದುಡ್ಡು ಕೊಡುವುದನ್ನು ನೋಡಲಿಲ್ಲ. ನೋಡಿದಷ್ಟರ ಫೋಟೋ ತೆಗೆದು ಸಾಹುಕಾರರಿಗೆ ಕಳಿಸಿದ. ನೆಟ್‌ವರ್ಕ್ ಗುರುಪ್ರಕಾಶನ ನಲವತ್ತು ರೂಪಾಯಿಗೆ ಇರಲಿಲ್ಲ, ಈ ಫೋಟೋಗೆ ಮಾತ್ರ ಇತ್ತು. ಇವರು ಶಿಕಾರಿಪುರ ಮುಟ್ಟುವ ಹೊತ್ತಿಗೆ ಅದು ಸಂಘದ ವಾಟ್ಸಾಪ್ ಗುಂಪಿನಲ್ಲಿ 'ಪರೀಕ್ಷಕರಿಗೆ ಮಿರ್ಚಿ ಸೇವೆ' ಎಂಬ ತಲೆಬರಹದ ಕೆಳಗೆ ಕೂತಿತ್ತು. ಹನ್ನೊಂದು ಜನ ಸದಸ್ಯರೂ ನೋಡಿದ್ದರು. ಏಳು ಜನ ಕೈ ಮುಗಿಯುವ ಚಿತ್ರ ಹಾಕಿದ್ದರು.

ಸಭೆ ಶಾಲೆಯ ಹೊಸ ಕಂಪ್ಯೂಟರ್ ಕೋಣೆಯಲ್ಲೇ ನಡೆಯಿತು. ಹತ್ತು ಲ್ಯಾಪ್‌ಟಾಪುಗಳನ್ನೂ ಸಾಲಾಗಿ ಇಟ್ಟಿದ್ದರು. ಹೊರಗೆ ವರಾಂಡದಲ್ಲಿ ಲೋಕಪ್ಪನೂ ಉಳಿದಿಬ್ಬರು ತಾತ್ಕಾಲಿಕ ಶಿಕ್ಷಕರೂ ಹೆರಿಗೆ ವಾರ್ಡಿನ ಮುಂದೆ ನಿಂತವರ ಹಾಗೆ ನಿಂತಿದ್ದರು.

ಮಲ್ಲಿಕಾರ್ಜುನ್ ಸಾಹುಕಾರರು ಫೋನಿನ ಫೋಟೋ ಎತ್ತಿ ಹಿಡಿದು, "ಮೇಡಂ, ಇದಕ್ಕೆ ಏನಂತೀರಿ?" ಎಂದರು.

"ಎಂತ ಹೇಳೋದು? ಆ ಮಿರ್ಚಿಗೆ ದುಡ್ಡು ಕೊಟ್ಟದ್ದು ನಾನು" ಎಂದರು ಕರುಣಾ ಮೇಡಂ. "ನಿಮ್ಮ ಮೇಷ್ಟ್ರ ಜೇಬಲ್ಲಿ ನಲವತ್ತು ರೂಪಾಯಿ ಇರ್ಲಿಲ್ಲ. ಲಕ್ಷ ತಿಂದವರ ಜೇಬು ಹಂಗಿರ್ತದಾ?"

ಗುರುಪ್ರಕಾಶನ ಬಡತನ ಹನ್ನೊಂದು ಜನರ ಎದುರು ಸಾಬೀತಾಯಿತು. ಅವನು ನೆಲ ನೋಡಿದ. ಆದರೂ ಎದೆ ಸ್ವಲ್ಪ ಹಗುರಾಯಿತು.

ಮೇಡಂ ಅರ್ಧ ಗಂಟೆ ಕೂತು ಹತ್ತನ್ನೂ ಒಂದೊಂದಾಗಿ ನೋಡಿದರು. ಬಿಲ್ಲು ನೋಡಿದರು, ಅಂಗಡಿಗೇ ಫೋನ್ ಮಾಡಿ ಬೆಲೆ ಕೇಳಿದರು. ಎದ್ದು ನಿಂತು ಹೇಳಿದರು: "ಬೆಲೆ ಸರಿ ಉಂಟು, ಮಾಲು ಸರಿ ಉಂಟು. ನಮ್ಮ ಲ್ಯಾಬಲ್ಲಿ ನಾನು ಮಕ್ಕಳಿಗೆ ಕಲಿಸೋದೂ ಲಿನಕ್ಸಲ್ಲೇ. ಇವರು ಒಂದು ಪೈಸೆ ಮುಟ್ಟಿಲ್ಲ. ನಿಮಗೆ ಅರವತ್ತು ಸಾವಿರ ಉಳಿಸಿಕೊಟ್ಟಿದಾರೆ."

ಫೋಟೋ ನೋಡುತ್ತಿದ್ದವರು ಫೋನು ಜೇಬಿಗಿಟ್ಟರು. ಸಾಹುಕಾರರು ಮಾತ್ರ ಬಿಡಲಿಲ್ಲ. "ಎಲ್ಲಾ ಸರಿ ಮೇಡಂ. ಆದ್ರೆ ನನ್ನ ತಲೆಗೆ ಒಂದು ಹೋಗ್ತಿಲ್ಲ. ಪುಕ್ಕಟೆ ಯಾಕೆ ಕೊಡ್ತಾರೆ? ಮಾಡೋರು ಯಾರು, ಅವರ ಹೊಟ್ಟೆಪಾಡೇನು?"

ಮೇಡಂ ಉತ್ತರ ಹೇಳುವ ಮೊದಲೇ ಗುರುಪ್ರಕಾಶ್ ಎದ್ದ. ಬೆಳಿಗ್ಗೆಯಿಂದ ನುಂಗಿದ್ದೆಲ್ಲ ಗಂಟಲಿಗೆ ಬಂದಿತ್ತು. ದಂಡ ಎಂದು ಬರೆದ ರಸೀದಿ, ತಕ್ಕಡಿ, ಹಾಲಮ್ಮನ ಪಾಯಸ, ಎಲ್ಲಕ್ಕಿಂತ ಹೆಚ್ಚಾಗಿ ಹೆಂಡತಿ ಕೇಳಿದ ಆ ಒಂದು ಮಾತು.

"ನಾನು ಹೇಳ್ತೀನಿ ಸಾಹುಕಾರ್ರೆ. ದುಡ್ಡಿಲ್ಲದೆ ಯಾರೂ ಏನೂ ಮಾಡಲ್ಲ ಅಂತ ನೀವು ತಿಳ್ಕೊಂಡಿದೀರಿ. ಅದಕ್ಕೇ ದುಡ್ಡು ವಾಪಸ್ ಕೊಟ್ಟೋನು ನಿಮಗೆ ಕಳ್ಳನ ಹಾಗೆ ಕಾಣ್ತಾನೆ. ಇದನ್ನ ಮಾಡಿದೋರು ಲೋಕದ ಮೂಲೆ ಮೂಲೆಯಲ್ಲಿರೋ ಸಾವಿರಾರು ಜನ. ಅವರು ಸಂಬಳ ಕೇಳಲಿಲ್ಲ, ಬಡ್ತಿ ಕೇಳಲಿಲ್ಲ. ಹಗಲು ತಮ್ಮ ಕೆಲಸ ಮುಗಿಸ್ಕೊಂಡು, ಮನೇಲಿ ಕೂತು, ಇನ್ನೊಬ್ಬರಿಗೆ ಉಪಯೋಗ ಆಗ್ಲಿ ಅಂತ ಬರೆದ್ರು."

"ಸಾರ್, ಅದು ಪೂರ್ತಿ ಹಾಗಲ್ಲ" ಎಂದು ಕರುಣಾ ಮೇಡಂ ನಡುವೆ ಬಾಯಿ ಹಾಕಿದರು. "ಈಗ ಅದನ್ನ ಬರೆಯೋರಲ್ಲಿ ಬಹಳ ಜನಕ್ಕೆ ದೊಡ್ಡ ದೊಡ್ಡ ಕಂಪನಿಗಳೇ ಸಂಬಳ ಕೊಟ್ಟು—"

"ಇಲ್ಲ ಮೇಡಂ, ಆ ಮಾತು ಬೇಡ. ಸಂಬಳಕ್ಕೆ ಮಾಡಿದ ಕೆಲಸ ಹಿಂಗೆ ಬರಲ್ಲ." ಅವನಿಗೆ ಈಗ ಬ್ರೇಕ್ ಹಿಡಿಯುತ್ತಿರಲಿಲ್ಲ. "ಸಂಬಳಕ್ಕೆ ಮಾಡೋನು ಗಡಿಯಾರ ನೋಡ್ತಾನೆ. ಮನಸ್ಸಿನಿಂದ ಮಾಡೋನು ಕೆಲಸ ನೋಡ್ತಾನೆ. ಅದಕ್ಕೇ ದುಡ್ಡು ಕೊಟ್ಟು ತಂದಿದ್ದಕ್ಕಿಂತ ಇದು ಚೆನ್ನಾಗಿ ನಡೀತದೆ. ಇವತ್ತು ಲೋಕದ ದೊಡ್ಡ ದೊಡ್ಡ ಕಂಪ್ಯೂಟರುಗಳೆಲ್ಲ ನಡೆಯೋದು ಇದರ ಮೇಲೆ. ಸೇವೆ ಅಂದ್ರೆ ಇದು. ಇದನ್ನ ದುಡ್ಡಿನಾಗ ಅಳೆಯೋದೇ ಅವಮಾನ."

ಗುರುಪ್ರಕಾಶ್ ಕೂತ. ಮಲ್ಲಿಕಾರ್ಜುನ್ ಸಾಹುಕಾರರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ತಪ್ಪಾತು ಮೇಷ್ಟ್ರೆ. ತಿಂದೋನ ಬಾಯಾಗ ಇಂಥ ಮಾತು ಬರಲ್ಲ." ಅಧ್ಯಕ್ಷ ಶಿವಮೂರ್ತಪ್ಪನವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. ಅವರದು ನಿಜವಾದ ಕಣ್ಣೀರು, ಅದರಲ್ಲಿ ನಾಟಕವಿರಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ ಗುರುಪ್ರಕಾಶನಿಗೆ ಆ ಕೋಣೆಯಲ್ಲಿ ತಾನೊಬ್ಬ ಮನುಷ್ಯ ಎನ್ನಿಸಿತು.

"ಕೆಂಪಪ್ಪ, ಆ ಸ್ಕೇಲಿನ ಫೈಲು ತಾ" ಎಂದರು ಅಧ್ಯಕ್ಷರು.

ವರಾಂಡದಲ್ಲಿ ಲೋಕಪ್ಪ ಕಿಟಕಿಗೆ ಮುಖ ಹಚ್ಚಿದ.

ಅಧ್ಯಕ್ಷರು ಫೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ದಾರ ಬಿಚ್ಚದೆ, ನಿಧಾನವಾಗಿ ಮಾತಾಡಿದರು. "ಆರು ವರ್ಷದಿಂದ ಈ ಫೈಲು ನನ್ನ ಮನಸ್ಸಿಗೆ ಚುಚ್ತಿತ್ತು. ಪಾಪ, ಇವರಿಗೆ ಸ್ಕೇಲ್ ಕೊಟ್ಟಿಲ್ಲ, ಅನ್ಯಾಯ ಮಾಡ್ತಿದೀವಿ ಅಂತ ರಾತ್ರಿ ನಿದ್ದೆ ಬರ್ತಿರಲಿಲ್ಲ. ಇವತ್ತು ಮೇಷ್ಟ್ರು ನನ್ನ ಕಣ್ಣು ತೆರೆಸಿದ್ರು. ಇಷ್ಟು ವರ್ಷ ನಮ್ಮ ಶಾಲೆ ರಿಸಲ್ಟು ಚೆನ್ನಾಗಿ ಬರ್ತಿರೋದು ಯಾಕೆ ಅಂತ ಈಗ ತಿಳೀತು. ಇವರು ಸಂಬಳ ನೋಡಿ ಕೆಲಸ ಮಾಡ್ತಿರಲಿಲ್ಲ. ಇಂಥೋರನ್ನ ಸ್ಕೇಲಿಗೆ ಕಟ್ಟಿಹಾಕಿ ಗಡಿಯಾರ ನೋಡೋ ಹಂಗೆ ಮಾಡೋ ಪಾಪ ನಮಗೆ ಬೇಡ. ಈ ವಿಷಯ ಇಲ್ಲಿಗೇ ಕೈಬಿಡೋಣ."

"ಅನುಮೋದಿಸ್ತೀನಿ" ಎಂದರು ಸಾಹುಕಾರರು. ಉಳಿದವರು ಮೇಜು ಕುಟ್ಟಿದರು.

ಗುರುಪ್ರಕಾಶ್ ಎದ್ದು ನಿಂತ. "ಯಜಮಾನ್ರೆ, ನಾನು ಹೇಳಿದ್ದು ಕಂಪ್ಯೂಟರ್ ವಿಷಯ."

"ವಿಷಯ ಯಾವುದಾದ್ರೇನು ಮೇಷ್ಟ್ರೆ, ತತ್ವ ಒಂದೇ ಅಲ್ವಾ."

"ಮೇಡಂ, ನೀವು ಆಗ ಏನೋ ಹೇಳ್ತಿದ್ರಲ್ಲ, ದೊಡ್ಡ ಕಂಪನಿಗಳು ಸಂಬಳ ಕೊಡ್ತಾವೆ ಅಂತ. ಈಗ ಹೇಳ್ರಿ. ದಯವಿಟ್ಟು ಹೇಳ್ರಿ."

"ಹೌದು, ಕೊಡ್ತಾರೆ" ಎಂದರು ಕರುಣಾ ಮೇಡಂ. "ಒಳ್ಳೇ ಸಂಬಳವೇ ಕೊಡ್ತಾರೆ."

ಅಧ್ಯಕ್ಷರು ಮುಗುಳ್ನಕ್ಕರು. "ಅದು ತಪ್ಪು ಮಾತು ಅಂತ ಮೇಷ್ಟ್ರೇ ಈಗ ನಮ್ಮೆದುರು ಹೇಳಿದ್ರು ಮೇಡಂ. ಈಗ ನಮಗೆಲ್ಲ ಮುಜುಗರ ಆಗಬಾರ್ದು ಅಂತ ಹಿಂಗೆ ಕೇಳ್ತಿದಾರೆ. ಅವರ ಸ್ವಭಾವನೇ ಹಂಗೆ." ಕೆಂಪಪ್ಪನ ಕಡೆ ತಿರುಗಿ ಬರೆಸಿದರು. ಈ ದಿನದಿಂದ ಗುರುಪ್ರಕಾಶ್ ಅವರು ಶಾಲೆಯ ಗೌರವ ಕಂಪ್ಯೂಟರ್ ಮುಖ್ಯಸ್ಥರು. ಶಾಲೆ ಬಿಟ್ಟ ಮೇಲೆ ಎರಡು ಗಂಟೆ, ಭಾನುವಾರ ಅರ್ಧ ದಿನ, ಮಕ್ಕಳಿಗೆ ಸೇವಾ ಮನೋಭಾವದಿಂದ ಕಲಿಸತಕ್ಕದ್ದು. ಉಳಿದ ಮೂವರು ತಾತ್ಕಾಲಿಕ ಶಿಕ್ಷಕರೂ ಇದೇ ಮೇಲ್ಪಂಕ್ತಿಯನ್ನು ಅನುಸರಿಸತಕ್ಕದ್ದು. ವಾಪಸ್ ಬಂದ ಹಣದಲ್ಲಿ ಗುರುಪ್ರಕಾಶ್ ಅವರಿಗೊಂದು ಸಾರ್ವಜನಿಕ ಸನ್ಮಾನ.

"ಶಾಮಿಯಾನ, ಊಟ, ಶಾಲು, ಎಲ್ಲಾ ಸೇರಿ ಎಷ್ಟಾಗಬಹುದು?" ಎಂದು ಕೆಂಪಪ್ಪ ಪೆನ್ನು ಹಿಡಿದು ಕೇಳಿದ.

"ಸರಿಯಾಗಿ ಅರವತ್ತು ಸಾವಿರ ಆಗ್ತದೆ" ಎಂದರು ಖಜಾಂಚಿ.

ನಡಾವಳಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರು. ಗುರುಪ್ರಕಾಶ್ ಹಾಕಿದ. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಸಹಿ ಹಾಕದೆ ನಿಲ್ಲುವುದು ಹೇಗೆ ಎಂದು ಯಾರೂ ಅವನಿಗೆ ಕಲಿಸಿರಲಿಲ್ಲ. ಕರುಣಾ ಮೇಡಂ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಹೊರಗೆ ವರಾಂಡದಲ್ಲಿ ಉಳಿದಿಬ್ಬರು ಶಿಕ್ಷಕರು ಮಾತಾಡಿಸದೆಯೇ ಸೈಕಲ್ ಸ್ಟ್ಯಾಂಡಿನ ಕಡೆ ಹೋದರು. ಲೋಕಪ್ಪ ಒಬ್ಬನೇ ಮೆಟ್ಟಿಲ ಮೇಲೆ ಕೂತಿದ್ದ. ಗುರುಪ್ರಕಾಶ್ ಅವನ ಪಕ್ಕ ಕೂತ. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ವಾಣಿಶ್ರೀಯದು. ಎತ್ತಲು ಧೈರ್ಯವಾಗಲಿಲ್ಲ. ಮೂಕಮ್ಮ ಕಂಪ್ಯೂಟರ್ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ತಂದು, "ಇನ್ಮೇಲೆ ಇದು ನಿಮ್ಮ ಹತ್ರನೇ ಇರ್ಬೇಕಂತೆ" ಎಂದು ಅವನ ಕೈಗೆ ಕೊಟ್ಟು ಹೋದಳು.

"ಗುರು" ಎಂದ ಲೋಕಪ್ಪ. "ಒಂದು ಮಾತು ನಿಜ ಹೇಳು. ನಾನು ಯಾರಿಗೂ ಹೇಳಲ್ಲ. ಆ ದುಡ್ಡಿನಾಗ ನೀನು ಒಂದು ರೂಪಾಯಿನೂ ತಿಂದಿಲ್ವಾ?"

"ದೇವರಾಣೆಗೂ ಇಲ್ಲ ಲೋಕಪ್ಪ."

"ತಿನ್ನಬೇಕಿತ್ತು" ಎಂದ ಲೋಕಪ್ಪ, ಪ್ಯಾಂಟಿನ ಧೂಳು ಕೊಡವಿಕೊಂಡು ಎದ್ದು ಹೋದ.